ಮೊದಲ ರೆಕಾರ್ಡಿನಲ್ಲಿ ಯಾರ ದನಿ?



ಬೆಳಗಾವಿಯ ಕಾಲೇಜು ಹುಡುಗ ಹುಡುಗಿಯರ ಮೊಬೈಲಿನಲ್ಲಿ ಈಗ ಕನ್ನಡ, ಮರಾಠಿ, ಹಿಂದಿ ಹಾಡುಗಳ ಪಕ್ಕದಲ್ಲಿ ಕೊರಿಯಾದ ಹಾಡುಗಳೂ ಬಂದು ಕುಳಿತಿವೆ. ಖಾನಾಪುರದಿಂದ ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಬಂದು ಹೋಗುವ ವಿದ್ಯಾರ್ಥಿಗಳು ದಾರಿಯುದ್ದಕ್ಕೂ ಕಿವಿಗೆ ಸಿಕ್ಕಿಸಿಕೊಂಡು ಕೇಳುವುದರಲ್ಲಿ ಇವೂ ಸೇರಿವೆ. ಹಿರಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಭಾಷೆಯೇ ತಿಳಿಯದ ಹಾಡಿನಲ್ಲಿ ಏನಿದೆ ಎಂದು ಕೇಳುತ್ತಾರೆ. ಬ್ರಜ ಭಾಷೆಯ ಖಯಾಲನ್ನು, ಒಂದು ಪದದ ಅರ್ಥವೂ ಆಗದೆ, ಬೆಳಗಿನ ಜಾವದವರೆಗೆ ಕೂತು ಕೇಳಿದವರು ಇದೇ ಸೀಮೆಯ ಅಜ್ಜಂದಿರು ಎಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ.

ಈ ಎಳೆಯ ಅಭಿಮಾನಿಗಳ ನಡುವೆ ಒಂದು ವಾದ ಆಗಾಗ ನಡೆಯುತ್ತದೆ. ತಮ್ಮ ಮೆಚ್ಚಿನ ತಂಡದ ಮೊದಲ ಆಲ್ಬಂ ನಿಜಕ್ಕೂ ಚೆನ್ನಾಗಿತ್ತೋ, ಅಥವಾ ತಂಡ ಮುಂದೆ ದೊಡ್ಡದಾದ್ದರಿಂದ ಅದೂ ಚೆನ್ನಾಗಿ ಕೇಳಿಸುತ್ತಿದೆಯೋ? ಪ್ರಶ್ನೆ ಸಣ್ಣದಲ್ಲ. ಮೊದಲ ಧ್ವನಿಮುದ್ರಣವನ್ನು ಹೇಗೆ ಅಳೆಯಬೇಕು ಎಂಬುದು ಇದರ ಮೂಲ. ಉತ್ತರಕ್ಕೆ ಸಿಯೋಲಿನವರೆಗೆ ಹೋಗಬೇಕಿಲ್ಲ. ಆದರೂ ಅಲ್ಲಿಂದಲೇ ಆರಂಭಿಸುವುದು ಮಕ್ಕಳ ಮಟ್ಟಿಗೆ ನ್ಯಾಯ.

ಏಳು ಹುಡುಗರ ಮೊದಲ ಆಲ್ಬಂ

ಏಳು ಹುಡುಗರ ಬಿಟಿಎಸ್ ತಂಡ ರಂಗಕ್ಕೆ ಬಂದದ್ದು 2013ರ ಜೂನ್ 13ರಂದು. ಅಂದಿನ ಅದರ ಆಲ್ಬಂ ಹೆಸರು '2 ಕೂಲ್ 4 ಸ್ಕೂಲ್'. ಕೊರಿಯಾದಲ್ಲಿ ಇಂಥ ತಂಡಗಳನ್ನು ಕಂಪನಿಗಳೇ ಕಟ್ಟುತ್ತವೆ. ಹದಿಹರೆಯದವರನ್ನು ಆರಿಸಿ, ಹಾಡು, ಕುಣಿತ, ಮಾತು, ನಡೆ ಎಲ್ಲದರಲ್ಲೂ ಕೆಲವೊಮ್ಮೆ ವರ್ಷಗಟ್ಟಲೆ ತರಬೇತಿ ಕೊಟ್ಟು, ಆಮೇಲೆ ಜನರ ಮುಂದೆ ನಿಲ್ಲಿಸುತ್ತವೆ. ಬಿಟಿಎಸ್ ತಂಡವನ್ನು ಕಟ್ಟಿದ ಬಿಗ್ ಹಿಟ್ ಆಗ ಸಣ್ಣ ಕಂಪನಿ.

ಆ ಮೊದಲ ಆಲ್ಬಮಿನ ಬಲ ಅದರ ವಸ್ತು. ಅಪ್ಪ ಅಮ್ಮ ಮತ್ತು ಶಾಲೆ ಹಾಕಿಕೊಟ್ಟ ದಾರಿಯಲ್ಲಿ ನಡೆಯುತ್ತ, ತನಗೆ ಬೇಕಾದ್ದೇನು ಎಂದು ಕೇಳಿಕೊಳ್ಳಲೂ ಮರೆತ ವಿದ್ಯಾರ್ಥಿಯನ್ನು ಅದು ಮಾತನಾಡಿಸುತ್ತದೆ. ಬರೆಯುವುದರಲ್ಲಿ ತಂಡದ ಹುಡುಗರ ಕೈಯೂ ಇತ್ತು. ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಉಡುಪು, ಕತ್ತಿನ ದಪ್ಪ ಸರಪಳಿ, ಒರಟು ನಿಲುವು, ತಾಳದ ಹೊಡೆತ ಎಲ್ಲವೂ ಅಮೆರಿಕದ ರ‍್ಯಾಪ್ ಸಂಗೀತದಿಂದ ಕಡ ತಂದವು. ರ‍್ಯಾಪ್ ಹೇಳುವವರಿಗೆ ಸಿಕ್ಕ ಜಾಗ ಇಂಪಾಗಿ ಹಾಡಬಲ್ಲವರಿಗೆ ಸಿಗಲಿಲ್ಲ. ಐದು ವರ್ಷಗಳ ನಂತರ, 2018ರಲ್ಲಿ, ಇದೇ ತಂಡದ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯ ತುದಿಗೇರಿತು. ಕೊರಿಯಾದ ಆಲ್ಬಮಿಗೆ ಆ ಸ್ಥಾನ ದೊರೆತದ್ದು ಅದೇ ಮೊದಲು. ಆ ಹೊತ್ತಿಗೆ ತಂಡದ ದನಿ, ವೇಷ, ಹಾಡಿನ ಬಗೆ ಬದಲಾಗಿದ್ದವು. ಅಂದರೆ ಜಗತ್ತು ಮೆಚ್ಚಿದ ದನಿ ಮೊದಲ ಆಲ್ಬಮಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ತೊಂಬತ್ತು ವರ್ಷಗಳ ಹಿಂದೆ ಬೆಳಗಾವಿಯ ನಂಟುಳ್ಳ ಇಬ್ಬರು ಮಕ್ಕಳ ಮೊದಲ ರೆಕಾರ್ಡುಗಳ ಕಥೆಯೂ ಹೀಗೆಯೇ ಇದೆ.

ಬೆಳಗಾವಿ, 1924

1924ರ ಡಿಸೆಂಬರ್ ಕೊನೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮ ಗಾಂಧಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಟಿಳಕವಾಡಿಯ ಕಾಂಗ್ರೆಸ್ ಬಾವಿ ಮತ್ತು ವೀರಸೌಧ ಇಂದಿಗೂ ಅದರ ಗುರುತಾಗಿ ನಿಂತಿವೆ. ಅಲ್ಲಿ ಸ್ವಾಗತ ಗೀತೆ ಹಾಡಿದವರಲ್ಲಿ ಧಾರವಾಡದಿಂದ ಬಂದ ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಳು. ತನ್ನ ಜಾತಿಯ ಕಾರಣದಿಂದ ಉಂಡೆಲೆ ಎತ್ತಲು ಹೇಳಿಯಾರೇ ಎಂಬ ಅಂಜಿಕೆ ಅಂದು ಮನಸ್ಸಿನಲ್ಲಿತ್ತು ಎಂದು ಆಕೆ ಮುಂದೆ ನೆನೆದದ್ದುಂಟು. ಆಕೆಯೇ ಗಂಗೂಬಾಯಿ ಹಾನಗಲ್ (1913–2009).

ಅದೇ ವರ್ಷದ ಏಪ್ರಿಲ್ 8ರಂದು ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಕೂಸು ಹುಟ್ಟಿತ್ತು. ಗಾಂಧೀಜಿ ಬೆಳಗಾವಿಗೆ ಬಂದಾಗ ಆ ಕೂಸಿಗೆ ಎಂಟು ತಿಂಗಳು. ಅವರು ಮುಂದೆ ಕುಮಾರ ಗಂಧರ್ವ ಎಂದು ಹೆಸರಾದರು. ನೆಹರು ನಗರದ ರಂಗಮಂದಿರಕ್ಕೆ ಇಟ್ಟಿರುವುದು ಅವರ ಹೆಸರನ್ನೇ.

ಹುಬ್ಬಳ್ಳಿ ಧಾರವಾಡದ ಗಾಯಕರು ಮುಂಬಯಿಗೆ ಹೋಗಬೇಕಾದರೆ ರೈಲು ಲೋಂಡಾ, ಖಾನಾಪುರ, ಬೆಳಗಾವಿ ದಾಟಿ, ಸುಳೇಭಾವಿಯ ಸೀಮೆ ಹಾದು, ಮಿರಜ್, ಪುಣೆಯ ಮೇಲೆ ಸಾಗುತ್ತಿತ್ತು. ಹಿಂದೂಸ್ಥಾನಿ ಸಂಗೀತ ಈ ನಾಡಿಗೆ ಇಳಿದದ್ದೂ, ಇಲ್ಲಿಯ ಕಂಠಗಳು ಗ್ರಾಮಫೋನ್ ಕಂಪನಿಗಳ ಬಾಗಿಲಿಗೆ ಹೋದದ್ದೂ ಬಹುಮಟ್ಟಿಗೆ ಈ ಹಳಿಯ ಮೇಲೆಯೇ. ಮಿರಜ್‌ನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಹುಬ್ಬಳ್ಳಿ ಧಾರವಾಡಗಳಿಗೆ ಬಂದು ಹೋಗುತ್ತಿದ್ದರು. ಅವರಿಂದ ಕಲಿತ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು.

ಮೂರು ಮಿನಿಟಿನ ಅಚ್ಚು

ಮೊದಲ ರೆಕಾರ್ಡಿನ ಗುಣದೋಷ ತಿಳಿಯಬೇಕಾದರೆ ರೆಕಾರ್ಡು ಎಂಬ ವಸ್ತುವನ್ನೇ ಮೊದಲು ತಿಳಿಯಬೇಕು. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅರಗಿನಿಂದ ತಯಾರಾದ ಹತ್ತು ಇಂಚಿನ ಕಪ್ಪು ತಟ್ಟೆ. ಮಿನಿಟಿಗೆ 78 ಸುತ್ತು. ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು, ಹೆಚ್ಚೆಂದರೆ ಮೂರೂವರೆ ಮಿನಿಟಿನ ಹಾಡು. ಯಂತ್ರಕ್ಕೆ ಕೀಲಿ ಕೊಟ್ಟು, ಉಕ್ಕಿನ ಮುಳ್ಳು ಬದಲಿಸಿ ಕೇಳಬೇಕು. ಕೈಜಾರಿದರೆ ತಟ್ಟೆ ಚೂರು.

ಬೈಠಕ್ಕಿನಲ್ಲಿ ಖಯಾಲು ಅರಳಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ರೆಕಾರ್ಡಿನಲ್ಲಿ ಅದನ್ನೆಲ್ಲ ಮೂರು ಮಿನಿಟಿಗೆ ಹಿಂಡಬೇಕು. ಆಲಾಪದ ಒಂದು ಎಳೆ, ಬಂದಿಶಿನ ಎರಡು ಸಾಲು, ನಾಲ್ಕು ತಾನು, ಅಷ್ಟಕ್ಕೆ ಮುಗಿತಾಯ. ಇದರಿಂದ ಲಾಭವೂ ಆಯಿತು. ಸಡಿಲು ಮಾತಿಗೆ ಎಡೆಯೇ ಇಲ್ಲದ ಕಾರಣ ಒಳ್ಳೆಯ ಗಾಯಕರು ತಮ್ಮ ಆಯ್ದ ಸೊತ್ತನ್ನೇ ತಟ್ಟೆಗೆ ಕೊಟ್ಟರು. ಹಳ್ಳಿಯ ಮನೆಯಲ್ಲೂ ದೊಡ್ಡ ಉಸ್ತಾದರ ಕಂಠ ಕೇಳಿತು. ಗದಗಿನ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಹುಚ್ಚು ಹತ್ತಿಸಿಕೊಂಡು, 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ.

ನಷ್ಟವೂ ಆಯಿತು. ತಟ್ಟೆ ಮಾರಾಟದ ಸರಕು. ಹೊಸಬರನ್ನು ಕಂಪನಿ ಕರೆದಾಗ ಅದಕ್ಕೆ ಬೇಕಾದದ್ದು ಜನ ಕೂಡಲೇ ಗುರುತಿಸುವಂಥ ಹಾಡು, ಕೂಡಲೇ ಹಿಡಿಸುವಂಥ ಕಂಠ. ಹಾಡುವವರು ಮುಂದೆ ಏನಾಗಬಲ್ಲರು ಎಂದು ಕಾಯುವ ವ್ಯವಧಾನ ಆ ವ್ಯಾಪಾರಕ್ಕೆ ಇರಲಿಲ್ಲ.

'ಗಾಂಧಾರಿ'ಯ ತೆಳು ಕಂಠ

ಗಂಗೂಬಾಯಿಯವರಿಗೆ ಎಳವೆಯಿಂದಲೂ ಗ್ರಾಮಫೋನಿನ ಸೆಳೆತ. ಎಲ್ಲಾದರೂ ಅದರ ದನಿ ಕಿವಿಗೆ ಬಿದ್ದರೆ ಬರಿಗಾಲಲ್ಲೇ ಬೀದಿಗೆ ಓಡುತ್ತಿದ್ದರಂತೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಕಲಿಕೆಗಾಗಿ ಕುಟುಂಬ ಹುಬ್ಬಳ್ಳಿಗೆ ಬಂತು. ಕೃಷ್ಣಾಚಾರ್ಯ ಹುಲಗೂರ ಮೊದಲಾದವರಲ್ಲಿ ಪಾಠ ನಡೆಯಿತು. 1930ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ, ಎಚ್‌ಎಂವಿ ಕಂಪನಿ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು.

ಆ ತಟ್ಟೆಗಳ ಮೇಲೆ ಅಚ್ಚಾದ ಹೆಸರು 'ಗಾಂಧಾರಿ'. ಹೆಸರಿನಷ್ಟೇ ಅಚ್ಚರಿ ತರುವುದು ಒಳಗಿನ ಕಂಠ. ಗಂಗೂಬಾಯಿ ಎಂದೊಡನೆ ನಮಗೆ ಕೇಳಿಸುವುದು ಬಾವಿಯ ಆಳದಿಂದ ಎದ್ದು ಬಂದಂಥ, ಗಂಡು ಕಂಠವೋ ಹೆಣ್ಣು ಕಂಠವೋ ಎಂದು ಅನುಮಾನ ಹುಟ್ಟಿಸುವ ಗಂಭೀರ ದನಿ. ಈ ಹಳೆಯ ರೆಕಾರ್ಡುಗಳಲ್ಲಿ ಇರುವುದು ಎತ್ತರದ, ತೆಳುವಾದ, ಚುರುಕಾದ ಹೆಣ್ಣು ಕಂಠ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ನಂತರ ದನಿ ಬದಲಾದದ್ದು ಆಮೇಲಿನ ಮಾತು.

ಈ ರೆಕಾರ್ಡುಗಳ ಗುಣ ಎಣಿಸುವುದು ಸುಲಭ. ಕಂಠ ಶ್ರುತಿಗೆ ಅಂಟಿಕೊಂಡಿದೆ. ತಾನುಗಳು ಹಗುರವಾಗಿ ಓಡುತ್ತವೆ. ಜಿ. ಎನ್. ಜೋಶಿ ಅವರೊಂದಿಗೆ ಹಾಡಿದ ಮರಾಠಿ ಭಾವಗೀತೆಗಳು ಮನೆಮನೆಗೆ ತಲುಪಿದವು. ಸಂಗೀತವನ್ನು ಬದುಕಾಗಿ ಆರಿಸಿಕೊಂಡ ಹೆಣ್ಣನ್ನು ಸಮಾಜ ಕೊಂಕಾಗಿ ನೋಡುತ್ತಿದ್ದ ಕಾಲದಲ್ಲಿ, ತಟ್ಟೆಯ ಮೇಲಿನ ಆ ಹೆಸರು ಒಂದು ಬಗೆಯ ನೆಲೆ ಒದಗಿಸಿತು.

ದೋಷ? ಹಾಡಿನಲ್ಲಿ ತಪ್ಪೇನೂ ಇಲ್ಲ. ಎಲ್ಲವೂ ಸರಿಯಾಗಿದೆ, ಎಲ್ಲವೂ ಬೇಗ ಬೇಗ ನಡೆದುಹೋಗುತ್ತದೆ. ಆ ಕಾಲದ ಮತ್ತೊಬ್ಬ ಒಳ್ಳೆಯ ಗಾಯಕಿ ಇದೇ ಹಾಡನ್ನು ಹಾಡಿದ್ದರೆ ಹೆಚ್ಚಿನ ವ್ಯತ್ಯಾಸ ತಿಳಿಯುತ್ತಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಸವಾಯಿ ಗಂಧರ್ವರ ಶಿಷ್ಯೆಯಾದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಒಂದೇ ಸ್ವರಪುಂಜವನ್ನು ಮತ್ತೆ ಮತ್ತೆ ತಿದ್ದಿಸುವ ಗುರು ಅವರು. ಜಿಪುಣ ಹಣ ಬಿಚ್ಚುವಂತೆ ಸ್ವರವನ್ನು ಒಂದೊಂದಾಗಿ ಬಿಚ್ಚಬೇಕು ಎಂಬ ಪಾಠ ಅವರಿಂದ ಬಂದದ್ದು ಎಂದು ಗಂಗೂಬಾಯಿ ಹೇಳುತ್ತಿದ್ದರು. ಮೂರು ಮಿನಿಟಿನ ತಟ್ಟೆ ಬೇಡುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಅಲ್ಲಿ ಇದ್ದ ಗಂಟನ್ನೆಲ್ಲ ಒಮ್ಮೆಲೇ ಸುರಿದುಬಿಡಬೇಕು.

ಎಲ್ಲರ ದನಿ ಬಲ್ಲ ಬಾಲಕ

ಸುಳೇಭಾವಿಯ ಹುಡುಗನ ಕಥೆ ಇನ್ನೂ ವಿಚಿತ್ರ. ತಂದೆ ಸಿದ್ಧರಾಮಯ್ಯನವರೂ ಹಾಡುತ್ತಿದ್ದವರು. ಮಗನಿಗೆ ಕ್ರಮವಾದ ಪಾಠವೇ ಆಗಿರಲಿಲ್ಲ. ಆದರೆ ಕೇಳಿದ್ದನ್ನು ಕೇಳಿದ ಹಾಗೆಯೇ ಹಾಡಬಲ್ಲ ಶಕ್ತಿ ಏಳೆಂಟು ವರ್ಷಕ್ಕೇ ಕಾಣಿಸಿಕೊಂಡಿತು. ಅಬ್ದುಲ್ ಕರೀಂ ಖಾನ್, ಫೈಯಾಜ್ ಖಾನ್, ರಾಮಕೃಷ್ಣಬುವಾ ವಝೆ ಇವರ ತಟ್ಟೆಗಳನ್ನು ಕೇಳಿ, ಅವರ ದನಿಯ ಬಾಗು, ಉಸಿರಿನ ತಡೆ, ತಾನಿನ ತಿರುವು ಯಾವುದೂ ತಪ್ಪದಂತೆ ಒಪ್ಪಿಸುತ್ತಿದ್ದ. ಗಾನಗಂಧರ್ವನೇ ಕೂಸಾಗಿ ಬಂದಿದ್ದಾನೆಂದು ಮಠದ ಸ್ವಾಮಿಗಳೊಬ್ಬರು 'ಕುಮಾರ ಗಂಧರ್ವ' ಎಂದು ಕರೆದರು. ಊರೂರಲ್ಲಿ ಕಾರ್ಯಕ್ರಮವಾದವು. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನ, 1936ರಲ್ಲಿ ಮುಂಬಯಿಯ ಜಿನ್ನಾ ಹಾಲ್. ಬಾಲಕನಾಗಿದ್ದಾಗಲೇ ಅವರ ಹಾಡು ರೆಕಾರ್ಡಿಗೂ ಏರಿತು.

ಆ ಬಾಲಗಾಯನದ ಗುಣದ ಬಗ್ಗೆ ಎರಡು ಮಾತಿಲ್ಲ. ಹತ್ತು ಹನ್ನೆರಡರ ಹುಡುಗನ ಗಂಟಲಿನಲ್ಲಿ ಅರವತ್ತು ವರ್ಷದ ಉಸ್ತಾದರ ಗತ್ತು. ದಂಗಾಗುವಂಥ ಸಂಗತಿ. ಆದರೆ ಅದರ ದೋಷ ಯಾವುದೆಂದು ಕೇಳಿದರೆ ಅದಕ್ಕೂ ಇದೇ ಉತ್ತರ. ತಟ್ಟೆಯಿಂದ ಕಲಿತದ್ದು ಮತ್ತೆ ತಟ್ಟೆಗೆ ಹೋಯಿತು. ನಡುವೆ ಹುಡುಗ ಎಲ್ಲಿದ್ದ? ರಾಗ ಯಾವುದು, ಈ ಸ್ವರದ ನಂತರ ಆ ಸ್ವರವೇ ಏಕೆ ಬರಬೇಕು ಎಂಬುದು ಗೊತ್ತಿಲ್ಲದೆಯೂ ಸರಿಯಾಗಿ ಹಾಡಬಲ್ಲವನಿಗೆ, ಗೊತ್ತುಮಾಡಿಕೊಳ್ಳುವ ಅಗತ್ಯವೇ ಕಾಣದಿರುವ ಅಪಾಯ ಇತ್ತು.

ಅಪಾಯವನ್ನು ಮನಗಂಡು ಸರಿಯಾದ ಕಡೆ ಒಪ್ಪಿಸಿದ್ದು ಹಿರಿಯರ ವಿವೇಕ. ಹುಡುಗ ಮುಂಬಯಿಯಲ್ಲಿ ಬಿ. ಆರ್. ದೇವಧರ ಅವರ ಶಾಲೆಗೆ ಸೇರಿದ. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಕಂಠದ ಬಳಕೆಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು. ಒಂದೇ ಘರಾನೆಗೆ ಗೂಟ ಹೊಡೆದು ಕೂತವರಲ್ಲ. ದೇಶದ ನಾನಾ ಕಡೆಯ ಗವಾಯಿಗಳು ಅಲ್ಲಿಗೆ ಬಂದು ಹಾಡುತ್ತಿದ್ದರು. ಸುಮಾರು ಹನ್ನೊಂದು ವರ್ಷ ಅಲ್ಲಿ ಕಳೆದು ಹುಡುಗ ತಾನು ಹಾಡುತ್ತಿದ್ದುದೇನು ಎಂಬುದನ್ನು ಬುಡದಿಂದ ತಿಳಿದುಕೊಂಡ. ಮುಂದೆ ಅಲ್ಲಿಯೇ ಕಲಿಸಿದ.

ಅಷ್ಟರಲ್ಲೇ ಮುಗಿಯಲಿಲ್ಲ. 1947ರಲ್ಲಿ ಭಾನುಮತಿಯವರೊಡನೆ ಮದುವೆ. 1948ರ ಜನವರಿಯಲ್ಲಿ ಮಧ್ಯಭಾರತದ ದೇವಾಸಕ್ಕೆ ಹೋಗಿ ನೆಲೆಸಿದರು. ಕ್ಷಯ ಹಿಡಿದಿತ್ತು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಐದಾರು ವರ್ಷ ಹಾಸಿಗೆಯೇ ಗತಿ. ಕೇಳಿಸುತ್ತಿದ್ದುದು ಕಿಟಕಿಯಾಚೆಯ ಮಾಳ್ವದ ಹೆಂಗಸರ ಹಾಡು, ಹಾದು ಹೋಗುವ ಜೋಗಿಗಳ ನಿರ್ಗುಣ ಭಜನೆ. ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧಿ ಜೀವ ಉಳಿಸಿತು. 1953ರಲ್ಲಿ ಮತ್ತೆ ಹಾಡಲು ಕುಳಿತಾಗ ಒಂದು ಶ್ವಾಸಕೋಶ ಬಹುತೇಕ ಕೆಲಸಕ್ಕಿರಲಿಲ್ಲ. ಉದ್ದ ಉಸಿರಿನ ತಾನು ಸಾಧ್ಯವಿಲ್ಲದ್ದರಿಂದ ಚಿಕ್ಕ ಚಿಕ್ಕ ತುಣುಕುಗಳಲ್ಲಿ, ನಡುನಡುವೆ ಮೌನ ಬಿಟ್ಟು, ಒಮ್ಮೆ ಪಿಸುಗುಟ್ಟಿ ಒಮ್ಮೆ ಥಟ್ಟನೆ ಏರುವ ಹೊಸ ಗಾಯಕಿ ಹುಟ್ಟಿತು. ಅದನ್ನು ಯಾರ ತಟ್ಟೆಯಿಂದಲೂ ಕಲಿಯುವಂತಿರಲಿಲ್ಲ. ಕಬೀರರ ನಿರ್ಗುಣ ಪದಗಳನ್ನು ದೇಶವೆಲ್ಲ ಆ ಕಂಠದಲ್ಲೇ ಕೇಳಿತು. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ಅವರು ತೀರಿಕೊಂಡರು.

ಖಾನಾಪುರದ ಮಡಕೆಯ ಮಾತು

ಇದನ್ನು ಖಾನಾಪುರದವರಿಗೆ ವಿವರಿಸುವುದು ಸುಲಭ. ಅಲ್ಲಿಯ ಮಣ್ಣು ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ. ತಿಗರಿಯ ಮೇಲಿಂದ ಈಗಷ್ಟೇ ಇಳಿಸಿದ ಹಸಿ ಮಡಕೆಯ ಆಕಾರ ಎಷ್ಟೇ ಚೆಂದವಿರಲಿ, ಬೆರಳಿನಿಂದ ಬಡಿದರೆ ನಾದ ಬರುವುದಿಲ್ಲ. ನೆರಳಿನಲ್ಲಿ ಒಣಗಿ, ಆವಿಗೆಯಲ್ಲಿ ಬೆಂದು ಹೊರಬಂದ ಮೇಲೆಯೇ ಅದು ಟಣ್ ಎನ್ನುವುದು. ಸಂತೆಯಲ್ಲಿ ಹೆಂಗಸರು ಮಡಕೆ ಬಡಿದು ಕೊಳ್ಳುವುದು ಇದಕ್ಕಾಗಿ.

ಗಾಂಧಾರಿಯ ರೆಕಾರ್ಡುಗಳೂ ಬಾಲಕ ಕುಮಾರನ ಹಾಡುಗಾರಿಕೆಯೂ ಹಸಿ ಮಡಕೆಗಳು. ಆಕಾರ ಅಚ್ಚುಕಟ್ಟು. ನಾದ ಬರಬೇಕಾದರೆ ಒಬ್ಬರಿಗೆ ಕುಂದಗೋಳದ ಗುರು ಮತ್ತು ಬದಲಾದ ಗಂಟಲು, ಇನ್ನೊಬ್ಬರಿಗೆ ದೇವಧರರ ಶಾಲೆ ಮತ್ತು ದೇವಾಸದ ಹಾಸಿಗೆ ಬೇಕಾಯಿತು. ಇಬ್ಬರಲ್ಲೂ ಮುಂದಿನ ಹಿರಿಮೆಗೆ ಕಾರಣವಾದದ್ದು ಮೊದಲ ತಟ್ಟೆಯ ಕಾಲಕ್ಕೆ ಕೊರತೆ ಎನಿಸಬಹುದಾಗಿದ್ದ ಸಂಗತಿ ಎಂಬುದನ್ನು ಗಮನಿಸಬೇಕು. ಗಂಗೂಬಾಯಿಯ ದಪ್ಪ ದನಿಯನ್ನು, ಕುಮಾರರ ತುಂಡು ಉಸಿರನ್ನು, 1930ರ ದಶಕದ ಯಾವ ಕಂಪನಿಯೂ ಹೊಸಬರಲ್ಲಿ ಹುಡುಕುತ್ತಿರಲಿಲ್ಲ.

ಹಾಗೆಂದು ಅನುಕರಣೆಯನ್ನೇ ಹಳಿಯುವುದು ತಪ್ಪಾಗುತ್ತದೆ. ನಮ್ಮ ಸಂಗೀತದಲ್ಲಿ ಕಲಿಕೆ ಆರಂಭವಾಗುವುದೇ ಗುರುವಿನ ಹಿಂದೆ ಹಾಡುವುದರಿಂದ. ಭೀಮಸೇನರು, ಗಂಗೂಬಾಯಿ, ಕುಮಾರರು ಎಲ್ಲರೂ ಕೇಳಿ ಕಲಿತವರೇ. ಕೊರಿಯಾದ ಹುಡುಗರು ಅಮೆರಿಕದ ರ‍್ಯಾಪನ್ನು ಅನುಕರಿಸಿದ್ದರಲ್ಲೂ ಪಾಪವೇನಿಲ್ಲ. ತೊಡಕು ಬರುವುದು ಅನುಕರಣೆಗೇ ಚಪ್ಪಾಳೆ ಬಿದ್ದು, ಅದೇ ಗುರಿಯಾಗಿ ನಿಂತಾಗ.

ಇದು ಹಳೆಯ ಕಾಲದ ಮಾತಲ್ಲ. ಟಿ.ವಿ. ಸ್ಪರ್ಧೆಗಳಲ್ಲಿ ಆರೇಳು ವರ್ಷದ ಮಕ್ಕಳು ಹಾಡುತ್ತಾರೆ. ಬೆಳಗಾವಿಯ ಗಣೇಶೋತ್ಸವದ ಪೆಂಡಾಲಿನಲ್ಲೂ ಹಾಡುತ್ತಾರೆ. ಹಾಡು ಮುಗಿದೊಡನೆ ಹಿರಿಯರ ಬಾಯಲ್ಲಿ ಬರುವ ಅತಿ ದೊಡ್ಡ ಹೊಗಳಿಕೆ, 'ಥೇಟ ಹಂಗ ಹಾಡ್ತು ನೋಡ್ರಿ' ಎಂಬುದು. ಮನೆಯವರು ಅದನ್ನು ಮೊಬೈಲಿನಲ್ಲಿ ಮುದ್ರಿಸಿ ಊರಿಗೆಲ್ಲ ಕಳಿಸುತ್ತಾರೆ. ಅದು ಆ ಮಗುವಿನ ಮೊದಲ ರೆಕಾರ್ಡು. ಬಹುಮಾನ ಬಂದರೆ ಮಗು ಮುಂದಿನ ವರ್ಷವೂ ಅದನ್ನೇ ಹಾಡುತ್ತದೆ. ಬಾರದಿದ್ದರೆ ಇವನಿಗೆ ಸಂಗೀತ ಒಲಿಯಲಿಲ್ಲ ಎಂದು ಪಾಠ ಬಿಡಿಸುತ್ತಾರೆ. ಹದಿಮೂರು ಹದಿನಾಲ್ಕಕ್ಕೆ ಗಂಡುಮಕ್ಕಳ ದನಿ ಒಡೆದಾಗ ಕಂಠ ಕೆಟ್ಟಿತೆಂದು ತಂಬೂರಿ ಮೂಲೆ ಸೇರುವುದೂ ಉಂಟು. ಗಂಗೂಬಾಯಿಯವರ ಮನೆಯವರು ಹೀಗೆ ಎಣಿಸಿದ್ದರೆ ಈ ನಾಡಿಗೆ ಆಗುತ್ತಿದ್ದ ನಷ್ಟವನ್ನು ಊಹಿಸಿ.

ಆದುದರಿಂದ ಮೊದಲ ರೆಕಾರ್ಡನ್ನು ಕೇಳುವಾಗ ಮೂರು ಪ್ರಶ್ನೆ ಇಟ್ಟುಕೊಂಡರೆ ಸಾಕು. ಇದರಲ್ಲಿ ಕಡ ತಂದದ್ದು ಎಷ್ಟು, ಯಾರಿಂದ? ಅಚ್ಚಿನ ಅಳತೆಗೆಂದು ಕತ್ತರಿಸಿ ಹಾಕಿದ್ದು ಏನು? ಕಡ ತಂದದ್ದರ ನಡುವೆ ಎಲ್ಲಾದರೂ ಒಂದು ಕಡೆ, ಅರೆಕ್ಷಣವಾದರೂ, ಬೇರೆ ಯಾರದೂ ಅಲ್ಲದ ದನಿ ಇಣುಕಿದೆಯೇ? ಬಿಟಿಎಸ್‌ನ ಮೊದಲ ಆಲ್ಬಮಿನಲ್ಲಿ ಶಾಲೆಯ ಹುಡುಗನ ಉಸಿರುಗಟ್ಟಿದ ಮಾತು ಅಂಥ ಇಣುಕು. ಖಾನಾಪುರದ ಬಸ್ಸಿನಲ್ಲಿ ವಾದ ಮಾಡುವ ಎಳೆಯರು ಅದನ್ನು ಮೆಚ್ಚುತ್ತಿರುವುದು ಸರಿಯಾಗಿಯೇ ಇದೆ. ಸರಪಳಿ, ವೇಷಗಳನ್ನು ನೋಡಿ ನಗುವ ಹಿರಿಯರದೂ ಪೂರ್ತಿ ತಪ್ಪಲ್ಲ. ಇಬ್ಬರೂ ಒಂದೇ ಆಲ್ಬಮಿನ ಎರಡು ಬದಿಗಳನ್ನು ಕೇಳುತ್ತಿದ್ದಾರೆ, ಅಷ್ಟೇ.

ಮನೆಯಲ್ಲಿ ಹಾಡುವ ಮಗುವಿದ್ದರೆ ಅದರ ಮೊದಲ ಮುದ್ರಣವನ್ನು ಜೋಪಾನವಾಗಿ ಇಡಿ. ಅದರ ಮೇಲೆ ತೀರ್ಪು ಬರೆಯಬೇಡಿ. ಹತ್ತು ವರ್ಷ ಬಿಟ್ಟು, ಮಗುವಿನ ಜೊತೆಗೆ ಕುಳಿತು, ಮತ್ತೊಮ್ಮೆ ಕೇಳಿ. ಅದರಲ್ಲಿರುವ ದನಿ ಯಾರದು ಎಂಬುದನ್ನು ಆಗ ಮಗುವೇ ಹೇಳುತ್ತದೆ.